ತೋಳಿನ ಮೂಳೆಯ ನೀರುಗುಳ್ಳೆ: ನಾನು ಕಾಯಲು ಕಲಿತದ್ದು

ಹುಡುಗನಿಗೆ ಒಂಬತ್ತು ವರ್ಷ. ಅರಸೀಕೆರೆ ಕಡೆಯ ಹಳ್ಳಿ. ಕ್ರಿಕೆಟ್ ಆಡುವಾಗ ಬೌಂಡರಿಯಿಂದ ಬಾಲ್ ಎಸೆದಿದ್ದಾನೆ, ಬಲತೋಳು ಲಟಕ್ ಅಂದಿದೆ. ಬಿದ್ದಿಲ್ಲ, ಯಾರೂ ಹೊಡೆದಿಲ್ಲ. ಇಷ್ಟಕ್ಕೇ ಮೂಳೆ ಮುರಿಯಿತು ಅಂದರೆ ಒಳಗೆ ಮೊದಲೇ ಏನೋ ಇತ್ತು ಅಂತಲೇ ಲೆಕ್ಕ.

ಎಕ್ಸ್‌ರೇಯಲ್ಲಿ ಭುಜದ ಸ್ವಲ್ಪ ಕೆಳಗೆ, ಮೂಳೆಯ ಅಗಲದ ನಟ್ಟನಡುವೆ ಕಪ್ಪು ಜಾಗ ಕಂಡಿತು. ಸುತ್ತಲಿನ ಗೋಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳು. ಮೊದಲು ನೋಡಿದವರು ಯಾರೋ "ಗಡ್ಡೆ ಇದೆ" ಅಂದುಬಿಟ್ಟಿದ್ದರು. ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ಕ್ಯಾನ್ಸರ್ರಾ ಸಾರ್?" ಅಂತ ಕೇಳುವಾಗ, ಮಗನಿಗೆ ಕೇಳಿಸದಿರಲಿ ಅಂತ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು.

ಕಪ್ಪು ಜಾಗದ ತಳದಲ್ಲಿ ಒಂದು ಸಣ್ಣ ಬಿಳಿ ಚೂರಿತ್ತು. ಅದನ್ನು ಬೆರಳಿಟ್ಟು ತೋರಿಸಿದೆ. ಆಮೇಲೆ ಟೇಬಲ್ ಮೇಲಿದ್ದ ನೀರಿನ ಬಾಟಲಿಗೆ ಒಂದು ಮಾತ್ರೆ ಹಾಕಿದೆ. ಅದು ಸೀದಾ ತಳಕ್ಕೆ ಹೋಯಿತು. "ನೋಡಿ ಅಮ್ಮ, ಮುರಿದ ಗೋಡೆಯ ಚೂರು ಹೀಗೇ ಕೆಳಗೆ ಬಿದ್ದಿದೆ. ಒಳಗೆ ನೀರಿದೆ, ಅದಕ್ಕೇ ಬಿತ್ತು. ಗಟ್ಟಿ ಗಡ್ಡೆ ಆಗಿದ್ದರೆ ಮುರಿದ ಕಡೆಯೇ ಸಿಕ್ಕಿಕೊಂಡಿರುತ್ತಿತ್ತು, ಅಲ್ವಾ?" ಮೂಳೆ ಡಾಕ್ಟರುಗಳು ಇದಕ್ಕೆ ಬಿದ್ದ ಎಲೆಯ ಗುರುತು ಅನ್ನುತ್ತೇವೆ. ಎಲ್ಲ ಮಕ್ಕಳಲ್ಲೂ ಇದು ಕಾಣುವುದಿಲ್ಲ. ಕಂಡರೆ ನನಗೂ ಜೀವ ಬಂದ ಹಾಗಾಗುತ್ತದೆ.

ಮೂಳೆಯೊಳಗಿನ ಈ ನೀರುಗುಳ್ಳೆ ಕ್ಯಾನ್ಸರ್ ಅಲ್ಲ, ದೇಹದಲ್ಲಿ ಬೇರೆಡೆಗೆ ಹರಡುವುದೂ ಇಲ್ಲ. ಬೆಳೆಯುವ ಮಕ್ಕಳಲ್ಲೇ ಜಾಸ್ತಿ, ಅದರಲ್ಲೂ ಗಂಡು ಹುಡುಗರಲ್ಲಿ. ತೋಳಿನ ಮೂಳೆಯ ಮೇಲ್ಭಾಗ ಇದಕ್ಕೆ ಎಲ್ಲಕ್ಕಿಂತ ಮೆಚ್ಚಿನ ಜಾಗ. ಮುರಿಯುವವರೆಗೆ ನೋವೇ ಇಲ್ಲದಿರುವುದರಿಂದ ಹೆಚ್ಚಿನವರಿಗೆ ಗೊತ್ತಾಗುವುದೇ ಮುರಿದ ಮೇಲೆ.

ಇಂಥ ಗುಳ್ಳೆ ಕಂಡರೆ ಈಗ ನಾನು ಸಾಮಾನ್ಯವಾಗಿ ಕಾಯುತ್ತೇನೆ, ಮೊದಲೆಲ್ಲ ಕಾಯುತ್ತಿರಲಿಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ಆರು ವರ್ಷದ ಒಂದು ಮಗುವಿಗೆ ಬೇಗನೇ ಆಪರೇಷನ್ ಮಾಡಿದೆ. ಗುಳ್ಳೆಯನ್ನು ಕೆರೆದು ತೆಗೆದು, ಸೊಂಟದ ಮೂಳೆಯ ಚೂರು ತುಂಬಿದೆ. ಗುಳ್ಳೆ ಬೆಳವಣಿಗೆಯ ಪಟ್ಟಿಗೆ, ಅಂದರೆ ಮೂಳೆ ಉದ್ದವಾಗುವ ಜಾಗಕ್ಕೆ, ಅಂಟಿಕೊಂಡೇ ಇತ್ತು. ತೋಳಿನ ಮೂಳೆಯ ಉದ್ದ ಶೇಕಡ 80ರಷ್ಟು ಬರುವುದು ಭುಜದ ಹತ್ತಿರದ ಆ ಪಟ್ಟಿಯಿಂದಲೇ. ಒಂದೂವರೆ ವರ್ಷಕ್ಕೆ ಗುಳ್ಳೆ ತಿರುಗಿ ಬಂತು. ಆ ತೋಳು ಇನ್ನೊಂದಕ್ಕಿಂತ ಗಿಡ್ಡವಾಗಿ ಉಳಿಯಿತು. ಆ ಮಗು ಎರಡೂ ಕೈ ಚಾಚಿ ನಿಂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ಎಕ್ಸ್‌ರೇ ಹಿಡಿದರೆ ಮೊದಲು ನೋಡುವುದು ಗುಳ್ಳೆಗೂ ಪಟ್ಟಿಗೂ ಎಷ್ಟು ದೂರವಿದೆ ಅಂತ. ಹತ್ತಿರವಿದ್ದರೆ ಅದಿನ್ನೂ ಬೆಳೆಯುವ ಗುಳ್ಳೆ. ಮಗು ಬೆಳೆದಂತೆ ಪಟ್ಟಿ ಮೇಲಕ್ಕೆ ಸರಿದು, ಗುಳ್ಳೆ ಹಿಂದೆ ಉಳಿಯುತ್ತದೆ. ಆಗ ಅದರ ಜೋರು ತಗ್ಗುತ್ತದೆ.

ಅರಸೀಕೆರೆ ಹುಡುಗನಿಗೆ ಮೊದಲು ಕೈ ಅಲುಗಾಡದಂತೆ ಕತ್ತಿನಿಂದ ಬಟ್ಟೆಯ ಜೋಳಿಗೆ ಕಟ್ಟಿದೆ, ಅಷ್ಟೇ. ಐದು ವಾರದಲ್ಲಿ ಮುರಿತ ಕೂಡಿತು. ಮುರಿದ ಮೇಲೆ ಗುಳ್ಳೆ ತಾನಾಗಿಯೇ ಮುಚ್ಚಿಹೋಗುವುದುಂಟು, ಆದರೆ ಅಂಥವರು ಕಡಿಮೆ. ಇವನಿಗೆ ಆರು ತಿಂಗಳಾದರೂ ಮುಚ್ಚಲಿಲ್ಲ, ಗೋಡೆಯೂ ದಪ್ಪವಾಗಲಿಲ್ಲ. ಆಗ ಸೂಜಿ ಹಾಕುವುದೆಂದು ತೀರ್ಮಾನಿಸಿದೆವು.

ಗುಳ್ಳೆಗೆ ಸ್ಟೀರಾಯ್ಡ್ ಚುಚ್ಚುವ ಈ ವಿಧಾನವನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಇಟಲಿಯ ಮೂಳೆ ಡಾಕ್ಟರ್ ಸ್ಕಾಗ್ಲಿಯೆಟ್ಟಿ. ಹುಡುಗನಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಎಕ್ಸ್‌ರೇಯನ್ನು ಆಗಿಂದಾಗಲೇ ತೋರಿಸುವ ಸಿ-ಆರ್ಮ್ ಪರದೆ ನೋಡುತ್ತಾ ಸೂಜಿ ಒತ್ತಿದೆ. ತೆಳು ಗೋಡೆ ದಾಟುವಾಗ ಹಪ್ಪಳ ಮುರಿದಂಥ ಸಣ್ಣ ಸದ್ದು ಬೆರಳಿಗೇ ಗೊತ್ತಾಗುತ್ತದೆ. ಸಿರಿಂಜಿಗೆ ತಿಳಿಯಾದ ಹಳದಿ ನೀರು ಬಂತು. ಮುರಿದ ಹೊಸದರಲ್ಲಿ ತೆಗೆದಿದ್ದರೆ ಅದರಲ್ಲಿ ರಕ್ತ ಬೆರೆತಿರುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಸೂಜಿ ಚುಚ್ಚಿ, ಎಕ್ಸ್‌ರೇಯಲ್ಲಿ ಕಾಣುವ ಔಷಧಿ ಬಿಟ್ಟು, ಅದು ಎಲ್ಲ ಮೂಲೆಗೂ ಹೋಗುತ್ತದಾ ನೋಡಿದೆ. ಕೊನೆಗೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಹಾಕಿದೆ. ಸಂಜೆಗೆ ಮನೆಗೆ ಹೋದರು.

ಒಂದೇ ಸಲದ ಸೂಜಿಗೆ ವಾಸಿಯಾಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದ ಮಕ್ಕಳಲ್ಲಿ ಶೇಕಡ 42 ಮಂದಿಗೆ ಗುಳ್ಳೆ ವಾಸಿಯಾಗಿತ್ತು. ಸ್ಟೀರಾಯ್ಡ್ ಬದಲು ಗುಳ್ಳೆಗೆ ಮೂಳೆಮಜ್ಜೆ ಹಾಕಿಸಿಕೊಂಡವರಲ್ಲಿ ಶೇಕಡ 23 ಮಾತ್ರ. ಈ ಲೆಕ್ಕವನ್ನು ತಂದೆ ತಾಯಿಗೆ ಮೊದಲೇ ಬಿಡಿಸಿ ಹೇಳಿದ್ದೆ. ಹಾಗಾಗಿ ಎರಡನೇ ಸಲ ಸೂಜಿ ಬೇಕು ಅಂದಾಗ ಅವರು ಗಾಬರಿಯಾಗಲಿಲ್ಲ.

ಎಲ್ಲಕ್ಕೂ ಕಾಯುವುದು ಸರಿಯಲ್ಲ. ಗುಳ್ಳೆ ತೊಡೆಮೂಳೆಯ ಕತ್ತಿನಲ್ಲಿದ್ದರೆ ಮೈಭಾರ ಬಿದ್ದು ಮುರಿಯಬಹುದು, ಅಲ್ಲಿ ನಾನು ಬೇಗ ಕೈಹಾಕುತ್ತೇನೆ. ರಾತ್ರಿ ನೋವು ಜಾಸ್ತಿಯಿದ್ದರೆ, ಎಕ್ಸ್‌ರೇಯಲ್ಲಿ ಅಂಚು ಕಲಸಿಹೋದಂತೆ ಕಂಡರೆ, ಎಂಆರ್‌ಐ ಮಾಡಿಸದೆ, ಬೇಕಾದರೆ ಚೂರು ತೆಗೆದು ಪರೀಕ್ಷಿಸದೆ ಬಿಡುವುದಿಲ್ಲ. ರಕ್ತ ತುಂಬಿದ ಬೇರೆ ಜಾತಿಯ ಗುಳ್ಳೆಯೂ ಇದೆ. ಅದು ಮೂಳೆಯನ್ನು ಉಬ್ಬಿಸುತ್ತದೆ, ಅದರ ಚಿಕಿತ್ಸೆಯೇ ಬೇರೆ.

ಹುಡುಗ ಹೋದ ತಿಂಗಳು ಬಂದಿದ್ದ. ಗೋಡೆ ದಪ್ಪವಾಗಿದೆ. ಒಳಗೆ ಕಡಲೆಕಾಳಿನಷ್ಟು ಕಪ್ಪು ಇನ್ನೂ ಉಳಿದಿದೆ. ಅದನ್ನು ಮುಟ್ಟಲಿಲ್ಲ. "ಬೌಲಿಂಗ್ ಮಾಡ್ಬಹುದಾ ಡಾಕ್ಟ್ರೇ?" ಅಂತ ಕೇಳಿದ. ಮಾಡಪ್ಪ ಅಂದೆ. ಮುಂದಿನ ಎಕ್ಸ್‌ರೇ ಆರು ತಿಂಗಳಿಗೆ.