ಕಲ್ಲಚ್ಚಿನ ಅರ್ಧಾಣೆ ಅಸಲಿಯೇ? ಪರೀಕ್ಷಿಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳ ಮಾಡು ಬಿಚ್ಚುವಾಗ ಅಟ್ಟದ ಪೆಟ್ಟಿಗೆಯಿಂದ ಕಂಪನಿ ಸರ್ಕಾರದ ಕಾಲದ ಕಾಗದಪತ್ರಗಳು ಸಿಗುವುದುಂಟು. ಸಿಕ್ಕಿದ ಕೂಡಲೇ ಬಹುತೇಕರು ಮಾಡುವ ಕೆಲಸ ಒಂದೇ: ಅಂಚೆಚೀಟಿಯನ್ನು ಕತ್ತರಿಸಿಕೊಂಡು ಉಳಿದ ಕಾಗದವನ್ನು ಬಚ್ಚಲೊಲೆಗೆ ಹಾಕುವುದು. ಇಡ್ಲಿಯ ಅಟ್ಟಿನಳಗೆಯ ಹಬೆಗೆ ಹಿಡಿದು ಚೀಟಿ ಬಿಡಿಸಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮೊದಲ ಹೆಜ್ಜೆ, ಚೀಟಿಯನ್ನು ಲಕೋಟೆಯಿಂದ ಬೇರ್ಪಡಿಸಲೇಬಾರದು. 1854ರ ಅಕ್ಟೋಬರ್ 1ರಿಂದ ಕಂಪನಿಯ ಆಡಳಿತ ಪ್ರದೇಶದೊಳಗೆ ಎಷ್ಟೇ ದೂರವಿದ್ದರೂ ಕಾಲು ತೊಲ ತೂಕದವರೆಗಿನ ಪತ್ರಕ್ಕೆ ಅರ್ಧಾಣೆ, ಅರ್ಧ ತೊಲಕ್ಕೆ ಒಂದಾಣೆ ಎಂಬ ದರವಿತ್ತು. ವಿಳಾಸ, ತಾರೀಕು, ದರ, ಠಸ್ಸೆ ಇವು ನಾಲ್ಕೂ ಒಂದಕ್ಕೊಂದು ಹೊಂದಿಕೊಂಡರೆ ಲಕೋಟೆಯೇ ಚೀಟಿಯ ಪರವಾಗಿ ಸಾಕ್ಷಿ ಹೇಳುತ್ತದೆ. ಕತ್ತರಿಸಿ ತೆಗೆದ ಚೀಟಿಗೆ ಆ ಸಾಕ್ಷಿ ಇರುವುದಿಲ್ಲ.

ಬೇಕಾಗುವ ಸಾಮಗ್ರಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಮೊಂಡು ತುದಿಯ ಚಿಮುಟ, ಅತಿನೇರಳೆ ಟಾರ್ಚು ಮತ್ತು ಕಿಟಕಿಯ ಬೆಳಕು. ಅರುವತ್ತು ಪಟ್ಟು ಎಂದು ಬರೆದು ಅಗ್ಗಕ್ಕೆ ಮಾರುವ ದೀಪದ ಮಸೂರಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಅಂಚಿನ ಗೆರೆಗಳೆಲ್ಲ ಬಾಗಿ ಕಾಣುತ್ತವೆ, ನಾವು ನೋಡಬೇಕಾಗಿರುವುದು ಆ ಗೆರೆಗಳನ್ನೇ.

ಎರಡನೆಯದಾಗಿ, ಅಸಲಿ ಹೇಗಿರಬೇಕೆಂಬುದನ್ನು ತಿಳಿದಿರಬೇಕು. 1854ರ ನೀಲಿ ಅರ್ಧಾಣೆ, ಕೆಂಪು ಒಂದಾಣೆ ಮತ್ತು ಕೆಂಪು ಚೌಕಟ್ಟಿನೊಳಗೆ ನೀಲಿ ತಲೆಯಿರುವ ನಾಲ್ಕಾಣೆಯನ್ನು ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಅವರ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಲ್ಲಿ, ಎಂದರೆ ಕಲ್ಲಿನ ಹಲಗೆಯಿಂದ ಮುದ್ರಿಸುವ ಲಿಥೊಗ್ರಫಿಯಲ್ಲಿ, ತೆಗೆದರು. ಹಸಿರು ಎರಡಾಣೆ ಮಾತ್ರ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಉಬ್ಬಚ್ಚಿನಿಂದ ಮುದ್ರಣವಾಯಿತು. ಇವುಗಳ ಅಂಚಿಗೆ ಹಲ್ಲುಗಳಿರಲಿಲ್ಲ, ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಹಲ್ಲುಗಳಿರುವ, ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂಬ ಬರಹದ ಚೀಟಿಗಳು 1855ರಿಂದ ಲಂಡನ್ನಿನ ಡಿ ಲಾ ರೂ ಸಂಸ್ಥೆ ಮುದ್ರಿಸಿದವು.

ಮೂರನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಚೀಟಿಯಲ್ಲಿರುವ ವಿಕ್ಟೋರಿಯಾ ರಾಣಿಯ ಮುಖ ಸರಿಯಿದೆಯೇ ಎಂದು ನೋಡಿ ತೃಪ್ತರಾಗುತ್ತಾರೆ. ನಕಲಿ ಮಾಡುವವನು ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕುವುದು ಆ ಮುಖದ ಮೇಲೆಯೇ, ಆದ್ದರಿಂದ ಮುಖವನ್ನು ಕೊನೆಗೆ ನೋಡಿ, ಮೊದಲು ಶಾಯಿ ಕಾಗದದ ಮೇಲೆ ಹೇಗೆ ಕುಳಿತಿದೆ ಎಂಬುದನ್ನು ನೋಡಿ. ಕಲ್ಲಚ್ಚು ನಮ್ಮ ಊರಿಗೆ ಹೊಸದಲ್ಲ. 1843ರಲ್ಲಿ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದದ್ದೂ ಕಲ್ಲಚ್ಚಿನಲ್ಲೇ. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ ಎಂಬುದೇ ಅದರ ಸೂತ್ರ. ಕಲ್ಲಿನ ಮೇಲೆ ಉಬ್ಬು ತಗ್ಗು ಇಲ್ಲದಿರುವುದರಿಂದ ಶಾಯಿ ಕಾಗದದ ಮೇಲೆ ಸಪಾಟಾಗಿ, ಎಲ್ಲೆಡೆ ಒಂದೇ ಹದದಲ್ಲಿ ಕೂರುತ್ತದೆ. ಗೆರೆಯ ಅಂಚು ತುಸು ಮೃದುವಾಗಿರುತ್ತದೆ. ಬೆನ್ನನ್ನು ಓರೆ ಬೆಳಕಿಗೆ ಹಿಡಿದರೆ ಯಾವ ಒತ್ತೂ ಕಾಣುವುದಿಲ್ಲ. ಎರಡಾಣೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಲೋಹ ಒತ್ತಿದ ಕಡೆ ಶಾಯಿ ಗೆರೆಯಂಚಿಗೆ ಸರಿದು ಗಾಢವಾದ ಕರೆ ಮೂಡಿರುತ್ತದೆ, ಬೆನ್ನಲ್ಲಿ ಒತ್ತು ತಿಳಿಯುತ್ತದೆ. ಒತ್ತು ಕಾಣುವ ಅರ್ಧಾಣೆಯನ್ನೂ ಒತ್ತಿಲ್ಲದೆ ನುಣ್ಣಗಿರುವ ಎರಡಾಣೆಯನ್ನೂ ಸಂಶಯದಿಂದಲೇ ನೋಡಬೇಕು. ಮಸೂರದಡಿ ಗೆರೆ ಒಡೆದು ಬಣ್ಣಬಣ್ಣದ ಚುಕ್ಕಿಗಳಾದರೆ ಅದು ಈಚಿನ ಆಫ್‌ಸೆಟ್ ಪ್ರತಿ, ಅದರ ಮೇಲೆ ಮತ್ತೆ ಸಮಯ ವ್ಯಯಿಸಬೇಕಾಗಿಲ್ಲ.

ಆದರೆ ಶಾಯಿಯ ಪರೀಕ್ಷೆಯೊಂದೇ ಸಾಲದು. ಹ್ಯಾಂಬರ್ಗಿನ ಸ್ಪೀರೋ ಸಹೋದರರಂಥವರು ನೂರು ವರ್ಷಕ್ಕೂ ಹಿಂದೆಯೇ ನಾನಾ ದೇಶಗಳ ಚೀಟಿಗಳ ನಕಲುಗಳನ್ನು ಕಲ್ಲಚ್ಚಿನಲ್ಲೇ ತೆಗೆದು ಮಾರಿದರು. ಅದಕ್ಕಾಗಿ ಹರಿದದ್ದಾದರೂ ಸರಿಯೇ, ಅಸಲಿ ಎಂದು ಖಚಿತವಾದ ಒಂದು ಅಗ್ಗದ ಅರ್ಧಾಣೆಯನ್ನು ಕೊಂಡು ಪಕ್ಕದಲ್ಲಿಟ್ಟುಕೊಳ್ಳಿ. ಮೇಲಿನ ‘ಇಂಡಿಯಾ’, ಕೆಳಗಿನ ‘ಹಾಫ್ ಆಣಾ’ ಅಕ್ಷರಗಳ ನಡುವಿನ ಅಂತರ, ಕತ್ತಿನ ನೆರಳಿನ ಗೆರೆಗಳು ಇವನ್ನು ಒಂದೊಂದಾಗಿ ಹೋಲಿಸಿ. ಅರ್ಧಾಣೆಯನ್ನು ಮೂರು ಮೂಲ ಅಚ್ಚುಗಳಿಂದ ತೆಗೆದಿದ್ದಾರೆ. ಹಾಗಾಗಿ ಚಿಕ್ಕ ವ್ಯತ್ಯಾಸ ಕಂಡ ಮಾತ್ರಕ್ಕೆ ನಕಲಿ ಎಂದು ತೀರ್ಮಾನಿಸದೆ, ಅದು ಯಾವ ಅಚ್ಚಿಗೆ ಸೇರಿದ್ದೆಂದು ಮೊದಲು ಕೇಳಬೇಕು.

ಅಸಲಿ ಚೀಟಿಗೇ ಮಾಡುವ ಮೋಸ ಇದಕ್ಕಿಂತ ಅಪಾಯಕಾರಿ. ಸಂಗ್ರಹ ಆರಂಭಿಸಿದ ದಿನಗಳಲ್ಲಿ ಒಬ್ಬ ವ್ಯಾಪಾರಿಯಿಂದ ನಾನೊಂದು ಒಂದಾಣೆಯನ್ನು ಕೊಂಡೆ. ಕತ್ತರಿ ತೀರ ಹತ್ತಿರ ಹೋಗಿರುವ ಚೀಟಿಗಳೇ ಹೆಚ್ಚಾಗಿರುವಾಗ ಇದಕ್ಕೆ ನಾಲ್ಕೂ ಕಡೆ ಧಾರಾಳವಾದ ಅಂಚಿತ್ತು, ಅದೇ ನನ್ನನ್ನು ಸೆಳೆದದ್ದು. ಮನೆಗೆ ತಂದು ಕಿಟಕಿಗೆ ಹಿಡಿದಾಗ ಚೌಕಟ್ಟಿನ ಉದ್ದಕ್ಕೂ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಎರಡು ಕಾಗದಗಳು ಒಂದರ ಮೇಲೊಂದು ಕೂತ ಜಾಗವದು. ಅಂಚು ಬೇರೆ ಕಾಗದದ್ದು, ಹೊರಗಿನ ಕೆಂಪು ಗೆರೆಯ ಕೊನೆಯನ್ನು ಕುಂಚದಿಂದ ಎಳೆದಿದ್ದರು. ಆ ದುಃಖ ಈಗಲೂ ಇದೆ. ಮುದ್ರಣ ದೋಷದಿಂದ ಹುಟ್ಟಿದ ನಾಲ್ಕಾಣೆಯ ಪ್ರಸಿದ್ಧ ತಲೆಕೆಳಗಾದ ರಾಣಿಯನ್ನು ಯಾರಾದರೂ ತೋರಿಸಿದರೂ ಹೀಗೆಯೇ ಬೆಳಕಿಗೆ ಹಿಡಿಯಿರಿ. ತಲೆಯನ್ನು ಕತ್ತರಿಸಿ ತಿರುಗಿಸಿ ಅಂಟಿಸಿದ್ದರೆ ಸುತ್ತ ಒಂದು ಬಳೆ ಕಾಣುತ್ತದೆ.

ಬೆಳಕಿಗೆ ಹಿಡಿದಾಗ ಕಾಗದದೊಳಗಿನ ನೀರಚ್ಚನ್ನೂ (ವಾಟರ್‌ಮಾರ್ಕ್) ಹುಡುಕಿ. ಕಂಪನಿಯ ಲಾಂಛನ ಇಡೀ ಹಾಳೆಗೆ ಹರಡಿರುವುದರಿಂದ ಒಂದೊಂದು ಚೀಟಿಯಲ್ಲಿ ಒಂದು ತುಣುಕಷ್ಟೇ ಸಿಗುತ್ತದೆ, ಕೆಲವದರಲ್ಲಿ ಏನೂ ಸಿಗುವುದಿಲ್ಲ. ಸಿಗದಿದ್ದರೆ ನಕಲಿ ಎಂದು ಅರ್ಥವಲ್ಲ. ಬಳಿಕ ಕತ್ತಲಲ್ಲಿ ಅತಿನೇರಳೆ ಬೆಳಕು ಬಿಡಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ ಇಪ್ಪತ್ತನೇ ಶತಮಾನದ ಬಿಳುಪುಕಾರಕವಿದೆ ಎಂದರ್ಥ. ಸೋಪಿನ ಪುಡಿಯಲ್ಲಿ ತೊಳೆದ ಅಸಲಿಯೂ ಹೊಳೆಯಬಹುದು, ಅದಕ್ಕೆ ತೊಳೆಯಬಾರದು. ರದ್ದುಮಾಡಲು ಎಳೆದ ಪೆನ್ನಿನ ಗೀಟು ಅಳಿಸಿ ‘ಹೊಸತು’ ಮಾಡಿದ ಚೀಟಿಯಲ್ಲಿ ಹಳೆಯ ಗೀಟಿನ ಜಾಡು ಈ ಬೆಳಕಲ್ಲಿ ಅನೇಕ ಬಾರಿ ಎದ್ದು ಕಾಣುತ್ತದೆ.

ಠಸ್ಸೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಆ ಕಾಲದಲ್ಲಿ ಚೀಟಿಯ ಮೇಲೆ ಚುಕ್ಕಿಗಳ ವಜ್ರಾಕಾರದಂಥ, ಮತ್ತೆ ಬಳಸದಂತೆ ರದ್ದುಮಾಡುವ ಅಳಿಸುಮುದ್ರೆಯನ್ನು ಒತ್ತುತ್ತಿದ್ದರು, ತಾರೀಕಿನ ಮುದ್ರೆ ಸಾಮಾನ್ಯವಾಗಿ ಲಕೋಟೆಯ ಮೇಲೆ ಬೀಳುತ್ತಿತ್ತು. ಕಲ್ಲಚ್ಚಿನ ಚೀಟಿಯ ನಟ್ಟನಡುವೆ ದುಂಡಗೆ, ಓದುವಂತೆ ತಾರೀಕು ಬಿದ್ದಿದ್ದರೆ ನಾನು ಕೊಳ್ಳುವುದಿಲ್ಲ. ದುಬಾರಿ ಚೀಟಿಯಾದರೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯ ಪ್ರಮಾಣಪತ್ರ ಕೇಳಿ. ಮಾರುವವನೇ ಬರೆದುಕೊಟ್ಟ ಖಾತರಿ ಚೀಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ಕಾಪಾಡುವುದು. ಅಂಟುಪಟ್ಟಿ, ಪಿವಿಸಿ ಚೀಲ ಎರಡೂ ಬೇಡ. ಆಟಿಯ ಮಳೆಗೆ ನಮ್ಮೂರಿನ ಗೋಡೆಯೇ ಬೆವರುತ್ತದೆ, ಮುಚ್ಚಿಟ್ಟ ಕಬ್ಬಿಣದ ಕಪಾಟಿನಲ್ಲಿ ಕಾಗದಕ್ಕೆ ಕಂದು ಕಲೆ ಬೀಳುತ್ತದೆ. ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಹೊಳವಾದ ದಿನ ಆಲ್ಬಮನ್ನು ನೆರಳಲ್ಲಿ ತೆರೆದಿಡಿ. ಲಕೋಟೆಯನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಮಡಿಸದೆ ಬಿಡಿಸಿಯೇ ಇರಿಸಿ, ಮೊದಲು ಹರಿಯುವುದು ಆ ಮಡಿಕೆಯ ಗೆರೆ.