ಎರಡು ನಿಮಿಷದಲ್ಲಿ ಅಮ್ಮನ್ನ ಬರೆದಿದ್ದು

ಇಲ್ಲಿ ಫಿನ್‌ಲ್ಯಾಂಡಲ್ಲಿ ಕ್ರೋಕಿ ಅಂತಾರೆ, ಮಾಡೆಲ್ ಎದುರು ಕೂತು ಎರಡು ನಿಮಿಷಕ್ಕೋ ಐದು ನಿಮಿಷಕ್ಕೋ ಒಂದು ಚಿತ್ರ ಅಂತ ಚಕಚಕ ಬರೆದು ಹಾಳೆ ತಿರುಗಿಸ್ತಾ ಹೋಗೋದು. ನಂದು ಪ್ರತಿ ಸಲ ಅದೇ ಪಾಡು, ಕಣ್ಣು ಮೂಗು ತಿದ್ದೋಷ್ಟರಲ್ಲಿ ಟೈಮರ್ ಹೊಡ್ಕೊಳೋದು, ಹಾಳೆ ಮೇಲೆ ಬರೀ ತಲೆ, ಮೈ ನಾಪತ್ತೆ.

ಹೀಗಿರುವಾಗ ಹೆಲ್ಸಿಂಕಿಯ ಅಟೆನಿಯಮ್ ಮ್ಯೂಸಿಯಂನಲ್ಲಿ ಇಲ್ಲಿನ ಚಿತ್ರಗಾರ್ತಿ ಹೆಲೆನ್ ಷೆರ್ಫ್‌ಬೆಕ್ ಅವರ 'ಹೊಲಿಗೆಯವಳು' ನೋಡ್ದೆ, 1905ರದ್ದು. ಪೂರ್ತಿ ಎಣ್ಣೆಬಣ್ಣದ ಪೇಂಟಿಂಗೇ, ಸ್ಕೆಚ್ ಅಲ್ಲ, ಆದ್ರೂ ಕರಿ ಬಟ್ಟೆ ಒಂದೇ ತುಂಡು, ತಗ್ಗಿಸಿದ ತಲೆ, ಮಡಿಲಲ್ಲಿ ಕೈ, ಸೊಂಟದಿಂದ ನೇತಾಡೋ ಕತ್ತರಿ, ಇಷ್ಟರಲ್ಲೇ ಅವಳ ಸುಸ್ತೆಲ್ಲ ಗೊತ್ತಾಗುತ್ತೆ. ಷೆರ್ಫ್‌ಬೆಕ್ ನಾಲ್ಕನೇ ವಯಸ್ಸಲ್ಲಿ ಮೆಟ್ಟಿಲಿಂದ ಬಿದ್ದು ಸೊಂಟ ಮುರ್ಕೊಂಡು ಜೀವನಪೂರ್ತಿ ಕುಂಟಿದವರು. ಪ್ಯಾರಿಸಲ್ಲಿ ಕಲಿತು ಬಂದು, 1902ರಿಂದ ಹ್ಯೂವಿಂಕ್ಯಾ ಅನ್ನೋ ಸಣ್ಣ ಊರಲ್ಲಿ ತಾಯಿ ಜೊತೆ ಇದ್ರು, ಆ ತಾಯಿ ಮತ್ತೆ ಊರಿನ ಹುಡುಗೀರೇ ಮಾಡೆಲ್ಲು.

ಅವರ ಸ್ಕೆಚ್‌ಗಳು ಫಿನ್ನಿಶ್ ನ್ಯಾಷನಲ್ ಗ್ಯಾಲರಿ ಸೈಟಲ್ಲಿ ಫ್ರೀಯಾಗಿ ಸಿಗುತ್ವೆ, ಒಂದಷ್ಟು ಇಳಿಸ್ಕೊಂಡು ಕಾಪಿ ಮಾಡೋಕೆ ಕೂತೆ. ಇಲ್ಲೇ ನಾನು ಎಡವಿದ್ದು. ಒಂದೊಂದಕ್ಕೆ ಮುಕ್ಕಾಲು ಗಂಟೆ ತಗೊಂಡು ಗೆರೆ ಗೆರೆ ತದ್ರೂಪ ಇಳಿಸ್ದೆ, ನೋಡಿದ್ರೆ ಮರದ ಬೊಂಬೆ. ಬೇಗ ಎಳೆದ ಗೆರೇನ ನಿಧಾನಕ್ಕೆ ಎಳೆದ್ರೆ ಆ ಓಟ ಎಲ್ಲಿಂದ ಬರ್ಬೇಕು ಹೇಳಿ.

ಆಮೇಲೆ ಟೈಮರ್ ಇಟ್ಟೆ, ಎರಡೇ ನಿಮಿಷ. ಮುಖ ಮುಟ್ಟೋ ಹಾಗಿಲ್ಲ ಅಂತ ನನಗೆ ನಾನೇ ರೂಲ್ ಹಾಕ್ಕೊಂಡೆ. ಮೊದ್ಲು ಹಿಂಗತ್ತಿಂದ ಬೆನ್ನಿಗಿಳಿಯೋ ಒಂದು ಗೆರೆ, ಆಮೇಲೆ ಭಾರ ಎಲ್ಲಿ ಕೂತಿದೆ ಅಂತ ನೋಡಿ ಅಲ್ಲಿ ಇದ್ದಿಲಿನ ಕಡ್ಡೀನ ಅಡ್ಡಡ್ಡ ಮಲಗಿಸಿ ಒಂದೇ ಸಲ ಕಪ್ಪು ಬಳಿಯೋದು, ಜಾಸ್ತಿ ಆದ್ರೆ ಬಟ್ಟೇಲಿ ಒರೆಸೋದು (ಷೆರ್ಫ್‌ಬೆಕ್ ಕೂಡ ಕ್ಯಾನ್ವಾಸ್ ಮೇಲಿನ ಬಣ್ಣ ಕೆರೆದು ಕೆರೆದು ತೆಗೀತಿದ್ರು, ಹಾಗಾಗಿ ನನಗೆ ಧೈರ್ಯ), ಉಳಿದಿದ್ದನ್ನ ಖಾಲಿ ಬಿಡೋದು.

ಆಗ ಊರಿಂದ ಅಮ್ಮ ಬಂದಿದ್ಲು. ಸೀರೆ ಮೇಲೆ ನನ್ನ ಕರಿ ಸ್ವೆಟರ್ ಹಾಕ್ಕೊಂಡು ಹೀಟರ್ ಪಕ್ಕ ಮೊಬೈಲಲ್ಲಿ ಸೀರಿಯಲ್ ನೋಡ್ತಾ ಕೂತಿದ್ದವಳನ್ನ ಸುಮ್ನೆ ಬರೀತಾ ಹೋದೆ. ಹನ್ನೊಂದನೇ ಹಾಳೇಲಿ ಬಂದ್ಲು ನೋಡಿ ಅಮ್ಮ! ತೂಕಡಿಸ್ತಾ ಎಡಕ್ಕೆ ವಾಲಿದ ತಲೆ, ಸ್ವೆಟರಿನ ಕಪ್ಪು, ಎದೆ ಮೇಲೆ ದಾರದಲ್ಲಿ ನೇತಾಡೋ ಕನ್ನಡಕ, ಅಷ್ಟೇ.

ತೋರಿಸಿದ್ರೆ, "ಇದೇನೇ, ಮೂಗೇ ಇಟ್ಟಿಲ್ವಲ್ಲೇ ನಂಗೆ" ಅಂದ್ಲು. ಇದ್ದಿಲು ಅಳಿಸಿಹೋಗ್ದೇ ಇರೋಕೆ ಹೊಡೆಯೋ ಫಿಕ್ಸೆಟಿವ್ ಖಾಲಿ ಆಗಿತ್ತು ಅಂತ ಹೇರ್‌ಸ್ಪ್ರೇ ಹೊಡ್ದೆ, ಅದರ ಘಾಟಿಗೆ ಆ ಚಳೀಲೂ ಎದ್ದು ಹೋಗಿ ಕಿಟಕಿ ತೆಗೆದ್ಲು.