ಗ್ರೇವ್‌ಯಾರ್ಡ್ ಕೀಪರ್ ಆಡುವವರಿಗೆ: ಮೊದಲು ಹೆಣ, ಆಮೇಲೆ ಉಳಿದದ್ದು

ಗ್ರೇವ್‌ಯಾರ್ಡ್ ಕೀಪರ್ ಅನ್ನುವ ಈ ಕಂಪ್ಯೂಟರ್ ಆಟವನ್ನು ನಾನು ಮೂರು ಸಲ ಶುರು ಮಾಡಿದ್ದೇನೆ. ಮೊದಲ ಎರಡು ಸಲ ಅರ್ಧಕ್ಕೇ ಬಿಟ್ಟೆ. ಬೇಜಾರಾಗಿ ಅಲ್ಲ, ತಲೆ ಕೆಟ್ಟು. ಎಲ್ಲಿ ನೋಡಿದರೂ ಕೆಲಸ, ಯಾವುದಕ್ಕೂ ಸಾಮಾನು ಸಾಲುವುದಿಲ್ಲ, ಯಾರನ್ನು ಹುಡುಕಿಕೊಂಡು ಹೋದರೂ ಅವರು ಅಲ್ಲಿರುವುದಿಲ್ಲ, ಅಷ್ಟರಲ್ಲಿ ಕತ್ತೆ ಇನ್ನೊಂದು ಹೆಣ ತಂದು ಬಾಗಿಲಲ್ಲಿ ಹಾಕಿ ಹೋಗಿರುತ್ತದೆ. ಮೂರನೇ ಸಲ ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತೆ. ಆಗ ದಾರಿ ಸಿಕ್ಕಿತು.

ಗೊತ್ತಿಲ್ಲದವರಿಗೆ ಸುಮ್ನೆ ಎರಡು ಮಾತು. ಆಟ ಮಾಡಿದವರು ಲೇಜಿ ಬೇರ್ ಗೇಮ್ಸ್ ಅನ್ನುವ ಸಣ್ಣ ತಂಡ. ಟೈನಿಬಿಲ್ಡ್ ಅನ್ನುವ ಕಂಪನಿ ಅದನ್ನು 2018ರ ಆಗಸ್ಟ್‌ನಲ್ಲಿ ಹೊರತಂದಿತು. ನಮ್ಮ ಕಾಲದ ಒಬ್ಬ ಮನುಷ್ಯನಿಗೆ ಕಾರು ಬಡಿಯುತ್ತದೆ. ಕಣ್ಣು ಬಿಟ್ಟರೆ ಯಾವುದೋ ಹಳೇ ಕಾಲದ ಊರು, ಅಲ್ಲಿನ ಸ್ಮಶಾನ ಕಾಯುವ ಕೆಲಸ ಇವನ ತಲೆಗೆ ಬಿದ್ದಿರುತ್ತದೆ. ಜೊತೆಗೆ ಗೆರ್ರಿ ಅಂತ ಒಂದು ಮಾತಾಡುವ ತಲೆಬುರುಡೆ. ಸ್ಮಶಾನ ಕಾಯುವುದು ಅಂದರೆ ನಮಗೆ ಮೊದಲು ನೆನಪಾಗುವವನು ಹರಿಶ್ಚಂದ್ರ ಅಲ್ವಾ? ಇಲ್ಲಿ ಅದರ ಪೂರ್ತಿ ಉಲ್ಟಾ. ಹೆಣದ ಮಾಂಸ ಕೊಯ್ದು ಹೆಂಡದಂಗಡಿಗೆ ಮಾರು ಅಂತ ಶುರುವಿನಲ್ಲೇ ಬುರುಡೆ ಬುದ್ಧಿ ಹೇಳುತ್ತದೆ. ಇದಕ್ಕೆ ಮುಖ ಸಿಂಡರಿಸುವವರು ಇಲ್ಲೇ ನಿಲ್ಲಿಸಬಹುದು, ಯಾಕಂದರೆ ಆಟದ ಹಾಸ್ಯವೆಲ್ಲ ಇದೇ ಜಾತಿಯದು.

ಈಗ ಕೆಲಸಕ್ಕೆ ಬರೋಣ. ಹೆಣ ಬಂದ ತಕ್ಷಣ ಕೈಲಿದ್ದದ್ದನ್ನು ಬಿಟ್ಟು ಅದನ್ನು ಹೊತ್ತುಕೊಂಡು ಶವಾಗಾರದ ಮೇಜಿನ ಮೇಲೆ ಹಾಕಿ. ತಡ ಮಾಡಿದಷ್ಟೂ ಕೊಳೆಯುತ್ತದೆ, ಕೊಳೆತಷ್ಟೂ ಗೋರಿಯ ಬೆಲೆ ಇಳಿಯುತ್ತದೆ. ಪ್ರತಿ ಹೆಣದ ಮೇಲೂ ಬಿಳಿ ಬುರುಡೆ, ಕೆಂಪು ಬುರುಡೆ ಅಂತ ಗುರುತುಗಳಿವೆ. ಇದೇ ಇಡೀ ಆಟದ ಲೆಕ್ಕ. ನನಗೆ ಇದು ಅರ್ಥವಾಗಲು ಹತ್ತಿಪ್ಪತ್ತು ಗಂಟೆ ಹಿಡಿಯಿತು, ನಿಮಗೆ ಒಂದು ನಿಮಿಷದಲ್ಲಿ ಹೇಳುತ್ತೇನೆ. ನೀವು ಎಷ್ಟೇ ಚಂದದ ಕಲ್ಲು ನಿಲ್ಲಿಸಿ, ಸುತ್ತ ಬೇಲಿ ಕಟ್ಟಿ, ಒಳಗೆ ಮಲಗಿದವನ ಬಿಳಿ ಬುರುಡೆ ಎಷ್ಟಿದೆಯೋ ಅಷ್ಟೇ ಅಂಕ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಕೆಂಪು ಬುರುಡೆಗಳನ್ನು ಕಳೆಯಬೇಕು. ಕಲ್ಲು ಮತ್ತು ಬೇಲಿ ಸೇರಿ 6 ಅಂಕದ್ದು, ಹೆಣಕ್ಕೆ ಬಿಳಿ 3, ಕೆಂಪು 1 ಅಂದುಕೊಳ್ಳಿ. ನಿಮಗೆ ಸಿಗುವುದು 2. ಉಳಿದ ಕಲ್ಲಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಕೆಟ್ಟ ಹೆಣಕ್ಕೆ ಒಳ್ಳೆ ಕಲ್ಲು ಹಾಕಬೇಡಿ. ಮರದ ಶಿಲುಬೆ ಸಾಕು.

ಕೆಂಪು ಇಳಿಸುವುದು ಹೇಗೆ? ರಕ್ತ ಮತ್ತು ಕೊಬ್ಬು ತೆಗೆಯಿರಿ. ಇವೆರಡನ್ನು ತೆಗೆದರೆ ಹೆಣ ಸುಧಾರಿಸುತ್ತದೆ, ಕಣ್ಣು ಮುಚ್ಚಿಕೊಂಡು ಮಾಡಬಹುದು. ಆದರೆ ಆ ವಿದ್ಯೆ ಮೊದಲೇ ಬಂದಿರುವುದಿಲ್ಲ, ಕೆಲಸ ಮಾಡಿ ಗಳಿಸುವ ಬಣ್ಣದ ಅಂಕ (ಗೋರಿಯ ಅಂಕ ಬೇರೆ) ಕೊಟ್ಟು ಕಲಿಯಬೇಕು. ಅದನ್ನೇ ಬೇಗ ಕಲಿಯಿರಿ ಅನ್ನುವುದು ನನ್ನ ಮಾತು. ಹೃದಯ, ಮೆದುಳು, ಕರುಳು ಮಾತ್ರ ಹೆಣದಿಂದ ಹೆಣಕ್ಕೆ ಬೇರೆ. ಒಬ್ಬನದು ತೆಗೆದರೆ ಒಳ್ಳೆಯದಾಗುತ್ತದೆ, ಇನ್ನೊಬ್ಬನದು ತೆಗೆದರೆ ಇದ್ದದ್ದೂ ಹಾಳು. ಗೊತ್ತಾಗುವ ಮೊದಲು ಮುಟ್ಟದಿರುವುದೇ ವಾಸಿ. ಆಸೆಗೆ ಬಿದ್ದು ಎಲ್ಲವನ್ನೂ ಕಿತ್ತು ಪೆಟ್ಟಿಗೆ ತುಂಬಿಸಿದ್ದೆ ನಾನು. ಪೆಟ್ಟಿಗೆ ತುಂಬಿತು, ಸ್ಮಶಾನ ಮೈನಸ್‌ಗೆ ಹೋಯಿತು.

ಮಣ್ಣು ಮಾಡಿದ ಮೇಲೆ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಮೊದಮೊದಲು ಇದೇ ನಿಮ್ಮ ಸಂಬಳ. ಡೆಡ್ ಹಾರ್ಸ್ ಅನ್ನುವ ಹೆಂಡದಂಗಡಿಯ ಹೊರಾಡ್ರಿಕ್‌ಗೆ ಕೊಟ್ಟರೆ ಒಂದಕ್ಕೆ ಒಂದೂವರೆ ಬೆಳ್ಳಿ ಕೊಡುತ್ತಾನೆ. ಹೆಣವನ್ನು ನದಿಗೆ ಎಸೆಯಲೂಬಹುದು, ಆದರೆ ಆಗ ಸರ್ಟಿಫಿಕೇಟ್ ಇಲ್ಲ, ದುಡ್ಡೂ ಇಲ್ಲ. ಕೈಗೆ ಬಂದ ಮೊದಲ ದುಡ್ಡಿನಲ್ಲಿ ಅವನ ಹತ್ತಿರವೇ ಟೆಲಿಪೋರ್ಟ್ ಕಲ್ಲು, ಅಂದರೆ ನಡೆಯದೆ ಕ್ಷಣದಲ್ಲಿ ಬೇರೆ ಕಡೆ ಮುಟ್ಟಿಸುವ ಕಲ್ಲು, ಕೊಳ್ಳಿ. ಮನೆಯಿಂದ ಊರಿಗೆ ನಡೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಆ ಕಲ್ಲಿಲ್ಲದೆ ಆಡುವವರನ್ನು ನೋಡಿದರೆ ನನಗೆ ಅಯ್ಯೋ ಅನಿಸುತ್ತದೆ. ಮಾಂಸ ಮಾರುವ ವಿಷಯ ಈಗಲೇ ಬೇಡ. ಮೊಹರು ಇಲ್ಲದ ಮಾಂಸವನ್ನು ಅವನು ಮುಟ್ಟುವುದಿಲ್ಲ, ಎಷ್ಟಾದರೂ ನಿಯಮದ ಮನುಷ್ಯ! ಇನ್ನೊಂದು, ಒಂದೇ ಸಾಮಾನನ್ನು ಒಬ್ಬನಿಗೇ ರಾಶಿ ರಾಶಿ ಮಾರಿದರೆ ಬೆಲೆ ಬೀಳುತ್ತಾ ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಮಾರಿ.

ಹಾಳೆ ಪೆನ್ನು ಯಾಕೆ ಅಂದರೆ, ಈ ಊರಿನ ವಾರಕ್ಕೆ ಆರೇ ದಿನ. ಒಂದೊಂದು ದಿನಕ್ಕೂ ಒಂದೊಂದು ಪಾಪದ ಹೆಸರು, ಒಂದೊಂದು ದಿನಕ್ಕೂ ಒಬ್ಬ ಮುಖ್ಯ ಮನುಷ್ಯ. ಸೋಮಾರಿತನದ ದಿನ ದೀಪಸ್ತಂಭದ ಹತ್ತಿರ ಜ್ಯೋತಿಷಿ. ಅಹಂಕಾರದ ದಿನ ಚರ್ಚಿನಲ್ಲಿ ಬಿಷಪ್. ಕಾಮದ ದಿನ ಹೆಂಡದಂಗಡಿಯಲ್ಲಿ ಹಾಡುವ ಮಿಸ್ ಚಾರ್ಮ್. ಹೊಟ್ಟೆಬಾಕತನಕ್ಕೆ ವ್ಯಾಪಾರಿ, ಹೊಟ್ಟೆಕಿಚ್ಚಿಗೆ ಸ್ನೇಕ್ ಅನ್ನುವವನು, ಕೋಪಕ್ಕೆ ಮಾಟಗಾತಿಯರನ್ನು ಸುಡುವ ವಿಚಾರಣಾಧಿಕಾರಿ. ಆ ದಿನ ತಪ್ಪಿದರೆ ಮುಂದಿನ ವಾರವೇ ಗತಿ. ಬರೆದಿಟ್ಟುಕೊಳ್ಳಿ. ಯಾರು, ಯಾವ ದಿನ, ಏನು ಕೇಳಿದ್ದಾರೆ, ಅಷ್ಟೇ. ಆಟ ತಾನೇ ನೆನಪಿಸುತ್ತದೆ ಅಂದುಕೊಂಡು ಕೂತರೆ ಕೆಟ್ಟಿರಿ, ನನ್ನ ಎರಡು ಸಲದ ಸೋಲಿಗೆ ಇದೇ ಕಾರಣ, ಬಿಷಪ್ ಬರುವ ದಿನ ನಾನು ಕಾಡಿನಲ್ಲಿ ಮರ ಕಡಿಯುತ್ತಾ ಇರುತ್ತಿದ್ದೆ.

ಆರು ಜನರಲ್ಲಿ ಮೊದಲು ಬಿಷಪ್‌ನ ಕೆಲಸ ಮುಗಿಸಿ. ಸ್ಮಶಾನದ ಅಂಕ 5 ಆದರೆ ಅವನು ಚರ್ಚ್ ತೆರೆಯುತ್ತಾನೆ. ಹಳೇ ಗೋರಿಗಳಿಗೆ ಶಿಲುಬೆ, ಬೇಲಿ ಹಾಕಿದರೆ ಅಲ್ಲಿಗೆ ಮುಟ್ಟುವುದು ಕಷ್ಟವಲ್ಲ. ಚರ್ಚ್ ತೆರೆದರೆ ವಾರಕ್ಕೊಮ್ಮೆ ಪ್ರಾರ್ಥನೆ, ಅದರಿಂದ ಹುಂಡಿಗೆ ಚಿಲ್ಲರೆ, ಜೊತೆಗೆ ಭಕ್ತಿ. ಹೌದು, ಇಲ್ಲಿ ಭಕ್ತಿ ಎಣಿಸಿ ಪೆಟ್ಟಿಗೆಯಲ್ಲಿಡುವ ಸಾಮಾನು. ನೆಲಮಾಳಿಗೆಯ ಅಧ್ಯಯನದ ಮೇಜಿನಲ್ಲಿ ಅದನ್ನು ಖರ್ಚು ಮಾಡಿದರೆ ವಿದ್ಯೆ ಕಲಿಯಲು ಬೇಕಾದ ನೀಲಿ ಅಂಕ ಸಿಗುತ್ತದೆ. ಕೈಕೆಲಸಕ್ಕೆ ಕೆಂಪು, ಗಿಡಮರಕ್ಕೆ ಹಸಿರು, ಇವೆರಡು ತಾನಾಗಿ ಬರುತ್ತವೆ. ನೀಲಿಗೇ ಎಲ್ಲರೂ ಒದ್ದಾಡುವುದು.

ಇನ್ನು ಕತ್ತೆ. ಮೊದಲು ಸುಮ್ಮನೆ ಹೆಣ ತಂದು ಹಾಕುತ್ತಿರುತ್ತದೆ. ಒಂದು ದಿನ ಮುಷ್ಕರ ಹೂಡುತ್ತದೆ! ಪುಕ್ಕಟೆ ದುಡಿಯುವುದಿಲ್ಲ, ಕ್ಯಾರೆಟ್ ಕೊಡಿ ಅಂತ ಕಾಮ್ರೇಡ್ ಭಾಷೆಯಲ್ಲಿ ಭಾಷಣ ಬೇರೆ. ಆಮೇಲೆ ಒಂದು ಹೆಣಕ್ಕೆ 5 ಕ್ಯಾರೆಟ್ ಲೆಕ್ಕ. ಇಡೀ ಆಟದಲ್ಲಿ ನ್ಯಾಯವಾಗಿ ಮಾತಾಡುವವನು ಇವನೊಬ್ಬನೇ ಅನ್ನುವುದು ನನ್ನ ಅಭಿಪ್ರಾಯ. ನೀವು ಮಾಡಬೇಕಾದದ್ದು ಇಷ್ಟೇ, ಮೊದಲ ವಾರದಲ್ಲೇ ಊರಿನ ರೈತನಿಂದ ಕ್ಯಾರೆಟ್ ಬೀಜ ತಂದು ಮನೆ ಹತ್ತಿರದ ಮಡಿಗೆ ಹಾಕಿ. ಮುಷ್ಕರ ಶುರುವಾದ ಮೇಲೆ ಬೀಜ ಹುಡುಕಲು ಹೋದರೆ ಹೆಣವಿಲ್ಲ, ಸರ್ಟಿಫಿಕೇಟ್ ಇಲ್ಲ, ಬೀಜಕ್ಕೂ ಕಾಸಿಲ್ಲ.

ನಿಮ್ಮ ಸ್ಮಶಾನದವನಿಗೆ ದಣಿವಾದರೆ ಮಲಗಿಸಿ. ರಾತ್ರಿಯೇ ಆಗಬೇಕಂತಿಲ್ಲ. ಮಲಗಿದಾಗ ಆಟವೂ ಸೇವ್ ಆಗುತ್ತದೆ, ಅದಕ್ಕೇ ಕಂಪ್ಯೂಟರ್ ಆರಿಸುವ ಮುಂಚೆ ಒಮ್ಮೆ ಹಾಸಿಗೆಗೆ ಹೋಗುವ ಅಭ್ಯಾಸ ಇರಲಿ. ಒಂದು ಸಂಜೆ ಕರೆಂಟ್ ಹೋಗಿ ನಾನು ಕಷ್ಟಪಟ್ಟು ಮಾಡಿದ್ದ ನಾಲ್ಕು ಗೋರಿ ಕಳೆದುಕೊಂಡೆ. ನಮ್ಮಮ್ಮನಿಗೆ ಮಾತ್ರ ಖುಷಿ, ದೀಪ ಹಚ್ಚುವ ಹೊತ್ತಿಗೆ ಸ್ಮಶಾನದ ಆಟ ಆಡಿದರೆ ಇನ್ನೇನಾಗುತ್ತದೆ ಅಂದಳು.

ಜೊಂಬಿಗಳು, ಅಂದರೆ ಎದ್ದು ನಿಮಗಾಗಿ ದುಡಿಯುವ ಹೆಣಗಳು, ಆಮೇಲೆ ಬರುತ್ತವೆ. ಅದು ಬ್ರೇಕಿಂಗ್ ಡೆಡ್ ಅನ್ನುವ, ಆಟಕ್ಕೆ ಆಮೇಲೆ ಕೂಡಿಸಿದ ಉಚಿತ ಸೇರ್ಪಡೆ. ಕಲ್ಲು ಒಡೆಯುವ, ಮರ ಕಡಿಯುವ ಕಾಟ ಅಲ್ಲಿಗೆ ತಪ್ಪುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಉಳಿದ ಸೇರ್ಪಡೆಗಳನ್ನು ಮೊದಲ ಸಲ ಮುಟ್ಟಬೇಡಿ. ಇರುವ ಕೆಲಸವೇ ಜಾಸ್ತಿ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಈಚೆಗೆ ಯಾರಾದರೂ ಹೋಗಿದ್ದರೆ ಈ ಆಟ ಬೇಡ. ಇಲ್ಲಿ ಹೆಣ ಅಂದರೆ ಬರೀ ಅಂಕ. ಅತ್ತವರು ಯಾರೂ ಕಾಣುವುದಿಲ್ಲ. ಅಂಥ ಹೊತ್ತಿಗೆ ಎ ಮಾರ್ಟಿಶಿಯನ್ಸ್ ಟೇಲ್ ಅನ್ನುವ ಇನ್ನೊಂದು ಆಟ ನೋಡಿ. ಟೊರಾಂಟೊದ ಲಾಂಡ್ರಿ ಬೇರ್ ಗೇಮ್ಸ್ 2017ರಲ್ಲಿ ಮಾಡಿದ್ದು. ತಂಡದ ಹೆಸರಿನಲ್ಲಿ ಅಲ್ಲೂ ಕರಡಿ, ಇಲ್ಲೂ ಕರಡಿ, ಸಂಬಂಧ ಏನೂ ಇಲ್ಲ. ಚಾರ್ಲಿ ಅನ್ನುವ ಹುಡುಗಿ ಶವಸಂಸ್ಕಾರದ ಒಂದು ಸಣ್ಣ ಅಂಗಡಿಗೆ ಕೆಲಸಕ್ಕೆ ಸೇರುತ್ತಾಳೆ. ದೇಹ ತೊಳೆಯುತ್ತಾಳೆ, ಆಮೇಲೆ ಬಂದ ನೆಂಟರ ಮಧ್ಯೆ ನಿಂತು ಅವರ ಮಾತು ಕೇಳುತ್ತಾಳೆ. ಅಂಕ ಇಲ್ಲ, ಸೋಲು ಇಲ್ಲ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ಹೇಗೆ ಆಡಬೇಕು ಅಂತ ಯಾರೂ ಬರೆದು ಕೊಡಬೇಕಿಲ್ಲ. ಆಟದೊಳಗೆ ಚಾರ್ಲಿಗೆ ಬರುವ ಮಿಂಚಂಚೆಗಳನ್ನು ಮಾತ್ರ ಪೂರ್ತಿ ಓದಿ, ಕಥೆ ಇರುವುದೆಲ್ಲ ಅಲ್ಲೇ.